ಅರವತ್ತರ ನಂತರ ಅರವತ್ತಮೂರು

ಇದೆಲ್ಲ ಶುರುವಾಗಿದ್ದು ಒಬ್ಬ ಕೊಡೆ ಕಳ್ಳನಿಂದ. ಎಂಟು ವರ್ಷದ ಹಿಂದೆ ಊರಿನ ಸಂಶೋಧನಾ ಕಚೇರಿಯವರು ಜನರ ಹಲ್ಲುನೋವಿನ ಬಗ್ಗೆ ಸಮೀಕ್ಷೆ ಮಾಡಿದರು. ಫಾರಂ ತುಂಬಿದವರಿಗೆಲ್ಲ ಒಂದೊಂದು ಕೊಡೆ ಅಂತ ಸಾರಿದರು. ಒಬ್ಬ ಪುಣ್ಯಾತ್ಮ ಹನ್ನೊಂದು ಫಾರಂ ತುಂಬಿ, ಹನ್ನೊಂದು ಕೊಡೆ ಬಗಲಲ್ಲಿ ಇಟ್ಟುಕೊಂಡು ಹೊರಟೇಹೋದ. ಹನ್ನೊಂದರಲ್ಲೂ ಅದೇ ಅಕ್ಷರ, ಅದೇ ಉತ್ತರ, ಅದೇ ಎಡಗಡೆ ದವಡೆಯ ನೋವು. ಕಚೇರಿಯಲ್ಲಿ ಎಲ್ಲರೂ ಕಣ್ಣು ಮುಚ್ಚಿಕೊಂಡು ಸಹಿ ಹಾಕಿದ್ದರು. ಹಿಡಿದವಳು ಒಬ್ಬಳೇ, ತಾಳೆಯಮ್ಮ.

ಅವಳ ನಿಜವಾದ ಹೆಸರು ಸಂಬಳದ ಪುಸ್ತಕದಲ್ಲಿ ಬಿಟ್ಟು ಬೇರೆಲ್ಲೂ ಉಳಿದಿರಲಿಲ್ಲ. ಇಪ್ಪತ್ತೆರಡು ವರ್ಷದಿಂದ ಅವಳ ಕೆಲಸ ಒಂದೇ: ತುಂಬಿ ಬಂದ ಫಾರಂಗಳನ್ನು ತಾಳೆ ನೋಡುವುದು. ಮೂರನೇ ಪ್ರಶ್ನೆಗೆ ಮಕ್ಕಳಿಲ್ಲ ಅಂದವರು ಹತ್ತೊಂಬತ್ತನೇ ಪ್ರಶ್ನೆಗೆ ಮಗಳ ಮದುವೆ ಮಾಡಿದೆ ಅಂದಿದ್ದಾರಾ ಅಂತ ಹುಡುಕುವುದು. ಸರಿಯಿದ್ದದ್ದು ಹಸಿರು ಟ್ರೇಗೆ, ಸುಳ್ಳಿದ್ದದ್ದು ಕೆಂಪು ಟ್ರೇಗೆ. ಕೆಂಪು ಟ್ರೇಗೆ ಬಿದ್ದದ್ದು ವರದಿ ಅಚ್ಚಾದ ಮೇಲೆ ಚೂರುಚೂರಾಗುತ್ತಿತ್ತು. ಕೊಡೆ ಪ್ರಸಂಗ ಆದ ಮೇಲೆ ಅವಳೇ ಒಂದು ನಿಯಮ ಮಾಡಿ ಗೋಡೆಗೆ ಅಂಟಿಸಿದಳು: ಎರಡು ಫಾರಂಗಳ ಉತ್ತರವೆಲ್ಲ ಒಂದೇ, ಅಕ್ಷರವೂ ಒಂದೇ ಆಗಿದ್ದರೆ, ಎರಡೂ ಕೆಂಪು ಟ್ರೇಗೆ. ಅದಕ್ಕೆ ಅಪೀಲಿಲ್ಲ. ಅವಳು ಹಿಡಿದ ಮೊಲಕ್ಕೆ ಮೂರೇ ಕಾಲು ಅಂತ ಕಚೇರಿಯಲ್ಲಿ ಆಡಿಕೊಳ್ಳುತ್ತಿದ್ದರು, ಆದರೆ ಅವಳಿಗೆ ಕೇಳಿಸದ ಹಾಗೆ.

ಈ ಸಲದ ಸಮೀಕ್ಷೆ ಹಲ್ಲಿನದಲ್ಲ. ಗಂಡಸನ್ನು ಪ್ರೀತಿಸುವ ಗಂಡಸರು, ಹೆಂಗಸನ್ನು ಪ್ರೀತಿಸುವ ಹೆಂಗಸರು, ಹುಟ್ಟಿದಾಗ ಬೇರೆಯವರು ಏನೇ ಅಂದಿದ್ದರೂ ತಾವು ಗಂಡೋ ಹೆಣ್ಣೋ ಅನ್ನುವುದನ್ನು ತಾವೇ ಬಲ್ಲವರು. ಇಂಥವರ ಸುಖದುಃಖ ಹೇಗಿದೆ, ನಿದ್ದೆ ಬರುತ್ತದಾ, ಕಾಯಿಲೆ ಬಿದ್ದರೆ ಯಾರಿಗೆ ಫೋನ್ ಮಾಡುತ್ತಾರೆ ಅಂತ ನಲವತ್ತು ಪ್ರಶ್ನೆ. ಈ ಸಲವೂ ಫಾರಮ್ಮಿಗೊಂದು ಕೊಡೆ. ನಡೆಸುತ್ತಿದ್ದವರು ಪ್ರೊಫೆಸರ್ ಮೇಡಂ. ತಾಳೆಯಮ್ಮನಿಗೆ ಇದರಲ್ಲಿ ಪರವೂ ಇಲ್ಲ, ವಿರೋಧವೂ ಇಲ್ಲ. ಹಲ್ಲಾದರೇನು ಹೃದಯವಾದರೇನು, ಫಾರಂ ಫಾರಮ್ಮೇ.

ಆದರೆ ಈ ವರದಿಯ ಮೇಲೆ ಒಂದು ವಿಷಯ ನಿಂತಿತ್ತು. ಊರಿನ ಸರ್ಕಾರಿ ವೃದ್ಧಾಶ್ರಮದಲ್ಲಿ ಗಂಡ ಹೆಂಡತಿಗೆ ಒಂದು ಕೋಣೆ, ಅಕ್ಕತಂಗಿಯರಿಗೆ ಒಂದು ಕೋಣೆ. ಉಳಿದವರೆಲ್ಲ ಉದ್ದದ ಹಾಲಿನಲ್ಲಿ, ಬಂದ ಸರದಿಯಲ್ಲಿ ಸಿಕ್ಕ ಮಂಚದಲ್ಲಿ. ಮದುವೆಯ ಕಾಗದವಿಲ್ಲದೆ ಮೂವತ್ತು ನಲವತ್ತು ವರ್ಷ ಜೊತೆಗಿದ್ದವರ ಗತಿ ಏನು ಅಂತ ಮೇಡಂ ಕೇಳಿದ್ದಕ್ಕೆ ಇಲಾಖೆಯವರು ಪತ್ರ ಬರೆದಿದ್ದರು: ಅರವತ್ತು ದಾಟಿದ ಅಂಥ ಜೋಡಿಗಳು ಈ ಊರಿನಲ್ಲಿ ಹತ್ತಾದರೂ ಇದ್ದಾವೆ ಅಂತ ತೋರಿಸಿ, ನಿಯಮ ಬದಲಾಯಿಸುತ್ತೇವೆ. ಹತ್ತು ಯಾಕೆ, ಏಳು ಯಾಕಲ್ಲ ಅಂತ ಕೇಳಿದರೆ ಉತ್ತರ ಕೊಡುವವರು ಇಲಾಖೆಯವರೇ ಅಲ್ಲ.

ಫಾರಂ ಬಂದಾಗ ಜೋಡಿ ಹತ್ತಿತ್ತು. ತಾಳೆಯಮ್ಮ ನೋಡಿ ಮುಗಿಸಿದಾಗ ಒಂಬತ್ತಾಯಿತು.

"ಅರವತ್ತೊಂದು, ಅರವತ್ತೆರಡು," ಅಂದಳು, ಎರಡು ಫಾರಂ ಮೇಡಂ ಮುಂದೆ ಹರಡಿ. "ನಲವತ್ತಕ್ಕೆ ನಲವತ್ತೂ ಒಂದೇ. ಅಕ್ಷರ ಒಂದೇ. ಒಬ್ಬಳೇ ಕೂತು ತಾನೂ ಆಗಿ, ತನ್ನ ಸಂಗಾತಿಯೂ ಆಗಿ ತುಂಬಿದ್ದಾಳೆ. ಎರಡು ಕೊಡೆ."

"ಇನ್ನೊಂದು ಸಲ ನೋಡಬಹುದಾ?" ಅಂದರು ಮೇಡಂ. ಅವರ ಮುಖ ಸಣ್ಣದಾಗಿತ್ತು.

"ಸುಖದ ಪ್ರಶ್ನೆಗಳನ್ನೇ ನೋಡಿ. ಈ ವಾರ ನಕ್ಕಿದ್ದೀರಾ, ಯಾವಾಗಲೂ. ಹೊಟ್ಟೆತುಂಬ ಊಟ, ಯಾವಾಗಲೂ. ಭಯ, ಎಂದೂ ಇಲ್ಲ. ಇನ್ನೂರು ಫಾರಮ್ಮಲ್ಲಿ ಇಷ್ಟು ಸುಖವಾಗಿರೋರು ಯಾರೂ ಇಲ್ಲ ಮೇಡಂ. ನಾನೂ ಇಷ್ಟು ಸುಖವಾಗಿಲ್ಲ."

ಒಂಬತ್ತು ಅಂತಲೇ ಕರಡು ವರದಿ ತಯಾರಾಯಿತು.

ಫಾರಮ್ಮಿನಲ್ಲಿ ಯಾರ ಹೆಸರೂ ಇರುವುದಿಲ್ಲ, ನಂಬರ್ ಮಾತ್ರ. ತುಂಬಿದವರ ಕೈಯಲ್ಲಿ ಅದೇ ನಂಬರಿನ ಒಂದು ಚೀಟಿ ಇರುತ್ತದೆ. ಲೆಕ್ಕಕ್ಕೆ ಬಂದ ನಂಬರುಗಳನ್ನು ಕಚೇರಿಯ ಹೊರಗಿನ ಬೋರ್ಡಿಗೆ ಹಾಕುವುದು ವಾಡಿಕೆ. ಹಾಕಿದರೂ ಇಷ್ಟು ವರ್ಷದಲ್ಲಿ ಒಂದು ನರಪಿಳ್ಳೆಯೂ ಬಂದು ಓದಿದ್ದಿಲ್ಲ. ಈ ಸಲ ಒಬ್ಬಳು ಬಂದಳು.

ಬಂದವಳಿಗೆ ಎಪ್ಪತ್ತರ ಹತ್ತಿರ ವಯಸ್ಸು. ಗಟ್ಟಿ ಕಾಲು, ಅದಕ್ಕಿಂತ ಗಟ್ಟಿ ಗಂಟಲು. ಬೋರ್ಡಿನ ಮುಂದೆ ನಿಂತು ಬೆರಳಿಟ್ಟು ಓದಿ, ಸೀದಾ ಒಳಗೆ ಬಂದು, ತಾಳೆಯಮ್ಮನ ಮೇಜಿನ ಮೇಲೆ ಎರಡು ಚೀಟಿ ಬಡಿದಳು.

"ಮೂವತ್ತೊಂದು ವರ್ಷ ಬಸ್ಸಲ್ಲಿ ಕಂಡಕ್ಟರ್ ಆಗಿದ್ದೋಳು ನಾನು. ಅರವತ್ತಾದ್ಮೇಲೆ ಅರವತ್ತಮೂರು ಬರಲ್ಲ. ನಡುವೆ ಇಬ್ಬರು ಪ್ಯಾಸೆಂಜರ್ ಎಲ್ಲಿ ಇಳಿದ್ರು, ಹೇಳಿ ತಂಗೀ."

ಪಕ್ಕದ ಮೇಜಿನವರು ಕಿಸಕ್ಕನೆ ನಕ್ಕರು. ತಾಳೆಯಮ್ಮ ನಗಲಿಲ್ಲ. ಗೋಡೆಯ ಮೇಲಿದ್ದ ನಿಯಮ ತೋರಿಸಿದಳು. ಕಂಡಕ್ಟರ್ ಅದನ್ನು ಎರಡು ಸಲ ಓದಿದಳು.

"ಅಂದ್ರೆ ನಾನು ಕಳ್ಳಿ."

"ಹಾಗಂದೆನಾ? ಅಕ್ಷರ ಒಂದೇ ಇದೆ ಅಂದೆ."

"ಒಂದೇ ಇರತ್ತಮ್ಮ! ನಾನೇ ಬರೆದಿದ್ದು. ಅವಳು ಟೈಲರ್. ಕಣ್ಣು ಮಂಜಾಗಿ ಎರಡು ವರ್ಷ ಆಯ್ತು, ಇನ್ನು ಹೀಗೇ ಅಂದ್ರು ಡಾಕ್ಟ್ರು. ಹೊಲಿಗೆ ಬೆರಳಲ್ಲೇ ಬರತ್ತೆ, ಓದೋಕಾಗಲ್ಲ. ನಾನು ಪ್ರಶ್ನೆ ಓದಿದೆ, ಅವಳು ಹೇಳಿದ್ದು ಗುರುತು ಹಾಕಿದೆ. ಆಮೇಲೆ ನಂದು ಹಾಕಿದೆ."

"ನಲವತ್ತೂ ಒಂದೇ ಹೇಗಾಗತ್ತೆ?"

"ಮೂವತ್ತಾರು ವರ್ಷ ಒಂದೇ ಪಾತ್ರೆಲಿ ಬೇಯಿಸಿದ್ದನ್ನ ಉಂಡ್ರೆ ಹೇಗಾಗತ್ತೋ ಹಾಗೆ!"

ತಾಳೆಯಮ್ಮನಿಗೆ ಮದುವೆಯಾಗಿ ಇಪ್ಪತ್ತೇಳು ವರ್ಷ. ಚಹಾಕ್ಕೆ ಸಕ್ಕರೆ ಎಷ್ಟು ಅನ್ನುವುದರಲ್ಲೇ ಅವಳಿಗೂ ಗಂಡನಿಗೂ ಇನ್ನೂ ತಾಳೆಯಾಗಿರಲಿಲ್ಲ. ನಂಬುವುದು ಅವಳಿಗೆ ಕಷ್ಟವಾಯಿತು.

ಕಂಡಕ್ಟರ್ ಕುರ್ಚಿ ಎಳೆದು ಕೂತಳು. ಗಂಟಲು ಸ್ವಲ್ಪ ಇಳಿಯಿತು. "ನಮ್ಮ ಮನೆಗೆ ಇಪ್ಪತ್ತೆರಡು ಮೆಟ್ಲು. ಅವಳು ಎರಡು ಸಲ ಬಿದ್ದಿದ್ದಾಳೆ. ಆಶ್ರಮದಲ್ಲಿ ಕೇಳಿದ್ರೆ, ಅಕ್ಕತಂಗಿ ಆಗಿದ್ರೆ ಒಂದು ಕೋಣೆ, ಸ್ನೇಹಿತ್ರಾದ್ರೆ ಹಾಲಲ್ಲಿ, ಒಬ್ಬರು ಆ ಕಡೆ ಒಬ್ಬರು ಈ ಕಡೆ ಅಂತಾರೆ. ಮನೆ ಓನರಿಗೆ ಮೂವತ್ತಾರು ವರ್ಷದಿಂದ ಅಕ್ಕತಂಗಿ ಅಂತಲೇ ಹೇಳ್ಕೊಂಡು ಬಂದ್ವಿ, ಆಶ್ರಮಕ್ಕೆ ಹೇಳೋಕಾಗಲ್ಲ, ಅಪ್ಪ ಅಮ್ಮನ ಹೆಸರು ಬೇರೆ. ನಿಮ್ಮ ವರದಿ ಬಂದ್ರೆ ನೋಡೋಣ ಅಂದಿದ್ದಾರೆ ಅಲ್ಲಿಯೋರು. ಅದಕ್ಕೇ ತುಂಬಿದ್ದು. ಜನ್ಮದಲ್ಲಿ ಮೊದಲನೇ ಸಲ ಒಂದು ಕಾಗದದ ಮೇಲೆ ನಿಜ ಬರೆದೆ ತಂಗೀ, ನೀವು ಅದನ್ನ ಸುಳ್ಳಿನ ಟ್ರೇಗೆ ಹಾಕಿದ್ರಿ."

ತಾಳೆಯಮ್ಮನಿಗೆ ನಾಚಿಕೆಯಾಯಿತು. ಅದನ್ನು ಮುಖದ ಮೇಲೆ ಬರಗೊಡದೆ ಎದ್ದು ಮೇಡಂ ಕೋಣೆಗೆ ಹೋದಳು. ವರದಿ ಮರುದಿನ ಮಧ್ಯಾಹ್ನ ಇಲಾಖೆಗೆ ಹೋಗಬೇಕಿತ್ತು. ಮತ್ತೆ ಕೇಳಬಹುದು ಅಂದರು ಮೇಡಂ. ಆದರೆ ಇಬ್ಬರನ್ನೂ ಬೇರೆ ಬೇರೆ ಕೂರಿಸಿ, ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬೀಳದ ಹಾಗೆ. "ನೀವೇ ಹೋಗಿ," ಅಂದರು. "ನೀವು ಒಪ್ಪಿದ್ರೆ ಇಲಾಖೆಯ ಅಪ್ಪನೂ ಒಪ್ಪಬೇಕು."

ಅಂದೇ ಸಂಜೆ ನಾಲ್ಕಕ್ಕೆ ತಾಳೆಯಮ್ಮ ಆ ಇಪ್ಪತ್ತೆರಡು ಮೆಟ್ಟಿಲು ಹತ್ತಿದಳು. ಅಭ್ಯಾಸಬಲದಿಂದ ಎಣಿಸಿಕೊಂಡೇ ಹತ್ತಿದಳು, ಇಪ್ಪತ್ತೆರಡೇ ಇದ್ದವು. ಕೆಳಗೆ ನೋಟ್‌ಬುಕ್ಕು ಪೆನ್ನು ಮಾರುವ ಅಂಗಡಿ. ಅಂಗಡಿಯವನು "ಅಕ್ಕತಂಗಿ ಮನೇಗಾ? ಮೇಲೆ" ಅಂತ ಕೈ ತೋರಿಸಿದ. ಮೇಲೆ ಎರಡು ಕೋಣೆ. ಮುಂದಿನದರಲ್ಲಿ ಕಿಟಕಿಯ ಪಕ್ಕ ಹೊಲಿಗೆ ಮೆಷಿನ್ನು, ಇಸ್ತ್ರಿ ಮೇಜು, ಗೋಡೆಗೆ ಅರ್ಧ ಹೊಲಿದ ಒಂದು ಕೋಟು. ಬಾಗಿಲ ಹಿಂದಿನ ಮೊಳೆಗೆ ಎರಡು ಹೊಸ ಕೊಡೆ. ಒಂದರ ಪ್ಲಾಸ್ಟಿಕ್ಕೇ ಬಿಚ್ಚಿರಲಿಲ್ಲ.

ಟೈಲರ್ ಸಣ್ಣ ಮೈಯವಳು, ಮಾತೂ ಸಣ್ಣದು. ಮಡಿಲಲ್ಲಿದ್ದ ಬಟ್ಟೆಯ ಅಂಚಿನ ಮೇಲೆ ಬೆರಳು ಓಡುತ್ತಲೇ ಇತ್ತು.

"ಇವಳು ನಿಮ್ಮ ಮೇಲೆ ಕೂಗಾಡಿದಳಂತೆ, ಹೊಟ್ಟೆಗೆ ಹಾಕ್ಕೊಳ್ಳಿ," ಅಂದಳು. "ಬಸ್ಸಲ್ಲಿ ಕೂಗಿ ಕೂಗಿ ಮನೇಲೂ ಹಾಗೇ. ಉಪ್ಪು ಬೇಕಾದ್ರೂ ಮುಂದೆ ಹೋಗಿ ಮುಂದೆ ಹೋಗಿ ಅನ್ನೋ ದನಿಯಲ್ಲೇ ಕೇಳ್ತಾಳೆ."

"ಆಯ್ತು ಮಾರಾಯ್ತಿ, ನನ್ನ ಮಾನ ಹರಾಜು ಹಾಕು," ಅಂದಳು ಕಂಡಕ್ಟರ್. ಅವಳನ್ನು ಕೆಳಗೆ ಅಂಗಡಿಗೆ ಕಳಿಸಿ, ಕೊನೆಯ ಮೆಟ್ಟಿಲಿನ ಸದ್ದೂ ನಿಂತ ಮೇಲೆ ತಾಳೆಯಮ್ಮ ಬಾಗಿಲು ಹಾಕಿ ಚಿಲಕ ಜಡಿದಳು. ಫಾರಂ ತೆಗೆದಳು.

ಒಂದರಿಂದ ಹನ್ನೊಂದರವರೆಗೆ ಸಲೀಸಾಗಿ ಹೋಯಿತು. ಹನ್ನೆರಡು, ಈ ವಾರ ನಕ್ಕಿದ್ದೀರಾ.

"ಅವಳ ಜೊತೆ ಇದ್ಕೊಂಡು ನಗದೇ ಇರೋಕಾಗತ್ತಾ? ಯಾವಾಗಲೂ ಅಂತ ಹಾಕಿ."

ಹದಿನೆಂಟು, ನಿತ್ಯದ ಕೆಲಸಕ್ಕೆ ಯಾರಾದರೂ ನೆರವಾಗುತ್ತಾರಾ. ಟೈಲರ್ ಮೆಷಿನ್ನಿನ ಮೇಲಿದ್ದ ಬಟ್ಟೆಯ ಚೆಂಡನ್ನು ತಡವಿ ಮುಂದಕ್ಕೆ ತಳ್ಳಿದಳು. ಅದರಲ್ಲಿ ಹತ್ತು ಸೂಜಿ ಚುಚ್ಚಿತ್ತು. ಹತ್ತಕ್ಕೂ ದಾರ ಪೋಣಿಸಿತ್ತು, ಬಾಲಗಳು ಒಂದೇ ಅಳತೆಗೆ ಕತ್ತರಿಸಿದ್ದವು.

"ನಂಗೆ ದಾರ ಪೋಣಿಸೋಕಾಗಲ್ಲ ಈಗ. ದಿನಾ ಬೆಳಿಗ್ಗೆ ಎದ್ದ ತಕ್ಷಣ ಹತ್ತು ಪೋಣಿಸಿಡ್ತಾಳೆ. ಎಡಗಡೆ ಐದು ಕಪ್ಪು, ಬಲಗಡೆ ಐದು ಬಿಳಿ. ಆಮೇಲೇ ಅವಳ ಚಹಾ."

ತಾಳೆಯಮ್ಮ ಯಾವಾಗಲೂ ಅಂತ ಗುರುತು ಹಾಕಿದಳು. ಉದ್ದದ ಹಾಲಿನಲ್ಲಿ, ಯಾರದೋ ಪಕ್ಕದ ಮಂಚದಲ್ಲಿ ಈ ಹೆಂಗಸು ಬರಿಯ ಸೂಜಿ ಹಿಡಿದು ಕೂತಿರುವುದು ಅವಳ ಕಣ್ಣಿಗೆ ಬಂತು. ಅದು ಫಾರಮ್ಮಿನಲ್ಲಿ ಬರೆಯುವಂಥದ್ದಲ್ಲ.

"ಇಪ್ಪತ್ತೇಳು," ಅಂದಳು. "ನನ್ನ ಸಂಗಾತಿ ಇಲ್ಲವಾದರೆ ನನ್ನ ಗತಿಯೇನು ಅನ್ನುವ ಭಯ ಬರುತ್ತದೆ. ಎಂದೂ ಇಲ್ಲ, ಅಪರೂಪಕ್ಕೆ, ಆಗಾಗ, ಯಾವಾಗಲೂ."

ಹಳೆಯ ಫಾರಮ್ಮಿನಲ್ಲಿ ಎರಡೂ ಕಡೆ ಎಂದೂ ಇಲ್ಲ ಅಂತಿತ್ತು. ಟೈಲರಿನ ಬೆರಳು ಬಟ್ಟೆಯ ಮೇಲೆ ನಿಂತಿತು.

"ಬಾಗಿಲು ಹಾಕಿದೆಯಾ?"

"ಹಾಕಿದೆ."

"ಅವಳು ಕೆಳಗೇ ಇದ್ದಾಳಾ?"

"ಕೆಳಗೇ ಇದ್ದಾರೆ."

"ಯಾವಾಗಲೂ," ಅಂದಳು ಟೈಲರ್. "ಅವಳು ಹಾಲು ತರೋಕೆ ಹೋಗಿ ಎರಡು ನಿಮಿಷ ತಡವಾದ್ರೂ ಕೈ ತಣ್ಣಗಾಗತ್ತೆ. ಅವತ್ತು ಅವಳೇ ಓದ್ತಾ ಇದ್ಲಲ್ಲ, ಅವಳ ಮುಂದೆ ಹೇಗೆ ಹೇಳ್ಲಿ? ಪಾಪ, ತಲೆಗೆ ಹಚ್ಕೊಂಡು ಕೂತ್ಬಿಡ್ತಾಳೆ. ಎಂದೂ ಇಲ್ಲ ಅಂದೆ. ಅವಳಿಗೆ ಮಾತ್ರ ಹೇಳಬೇಡಿ ತಾಯಿ."

"ಹೇಳೋ ಹಾಗೂ ಇಲ್ಲ," ಅಂದಳು ತಾಳೆಯಮ್ಮ. ಗುರುತು ಬದಲಾಯಿತು. ಒಳಗೊಳಗೇ ಅವಳಿಗೆ ಒಂದು ಸಮಾಧಾನವೂ ಆಯಿತು ಅನ್ನಬೇಕು. ಈಗ ಎರಡು ಫಾರಂ ಬೇರೆಯಾದವು. ನಿಯಮವೂ ಉಳಿಯಿತು, ಕೋಣೆಯೂ ಸಿಕ್ಕಿತು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ಟೈಲರಿನ ನಲವತ್ತೂ ಮುಗಿದ ಮೇಲೆ ತಾಳೆಯಮ್ಮ ಕೆಳಗಿಳಿದಳು. ಕಂಡಕ್ಟರ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಕಾಗದದ ಕಟ್ಟುಗಳ ಮೇಲೆ ಕೂತಿದ್ದಳು. ಅಂಗಡಿಯವನನ್ನು ಮುಂದಕ್ಕೆ ಅಟ್ಟಿ ಪ್ರಶ್ನೆ ಶುರುವಾಯಿತು. ಇವಳ ಉತ್ತರ ಪ್ರಶ್ನೆ ಮುಗಿಯುವ ಮೊದಲೇ ಬರುತ್ತಿತ್ತು. ಹನ್ನೆರಡಕ್ಕೆ, "ಯಾವಾಗಲೂ. ಮೆತ್ತಗೆ ಇರ್ತಾಳೆ, ಆದ್ರೆ ಒಂದೊಂದು ಮಾತು ಹೇಳ್ತಾಳೆ ನೋಡಿ, ಹೊಟ್ಟೆ ಹುಣ್ಣಾಗಬೇಕು." ಹದಿನೆಂಟಕ್ಕೆ, "ಯಾವಾಗಲೂ. ನಂಗೆ ಈ ಭುಜ ಮೇಲಕ್ಕೆ ಏಳಲ್ಲ. ತಲೆ ಬಾಚೋದು ಅವಳೇ. ಕಣ್ಣು ಕಾಣದೆ ಇದ್ರೂ ಬೈತಲೆ ನೇರ ಬರತ್ತೆ, ನೋಡಿ." ತಲೆ ಬಗ್ಗಿಸಿ ತೋರಿಸಿದಳು. ನೇರವಾಗಿಯೇ ಇತ್ತು.

ಇಪ್ಪತ್ತೇಳು ಬಂತು. ತಾಳೆಯಮ್ಮ ಓದಿದಳು.

ಕಂಡಕ್ಟರ್ ಕತ್ತು ಹೊರಳಿಸಿ ಅಂಗಡಿಯ ಕಡೆ ನೋಡಿದಳು. ಅಂಗಡಿಯವನು ಹೊರಗೆ ಯಾರಿಗೋ ಪೆನ್ಸಿಲ್ಲು ಕೊಡುತ್ತಿದ್ದ.

"ಅವಳು ಏನಂದ್ಲು ಇದಕ್ಕೆ?"

"ಅದು ಹೇಳೋ ಹಾಗಿಲ್ಲ ಅಕ್ಕ."

"ಗೊತ್ತು ಬಿಡಿ. ಎಂದೂ ಇಲ್ಲ ಅಂದಿರ್ತಾಳೆ. ಅವಳು ಅಂಥ ಧೈರ್ಯಸ್ಥೆ." ಫಾರಮ್ಮಿನ ಮೇಲೆ ಬೆರಳಿಟ್ಟಳು. "ನಂದು ಯಾವಾಗಲೂ ಅಂತ ಹಾಕಿ. ಅವಳಿಗೆ ನಾನಿಲ್ದೆ ಹೇಗಾಗತ್ತೆ ಅಂತ ಎಲ್ರೂ ಕೇಳ್ತಾರೆ. ಅವಳು ಹೇಗಾದ್ರೂ ಬದುಕ್ತಾಳೆ, ಕೈಯಲ್ಲಿ ಕಸುಬಿದೆ. ಅವಳಿಲ್ದೆ ಇದ್ರೆ ನಂಗೆ ಬೆಳಿಗ್ಗೆ ಎದ್ದು ಮಾಡೋಕೆ ಏನಿದೆ ಹೇಳಿ. ಯಾರಿಗೆ ಸೂಜಿ ಪೋಣಿಸಲಿ?" ಕಣ್ಣು ಒರೆಸಿಕೊಂಡು ಗದರಿದಳು. "ಬರೀರಿ ಬೇಗ! ಮೇಲೆ ಹೇಳಿದ್ರೋ, ನಿಮ್ಮ ಕಚೇರಿಗೇ ಬಂದು ಜಗಳ ಆಡ್ತೀನಿ."

ತಾಳೆಯಮ್ಮ ಬರೆದಳು.

ಮರುದಿನ ಬೆಳಿಗ್ಗೆ ಮೇಜಿನ ಮೇಲೆ ಎರಡೂ ಫಾರಂ ಪಕ್ಕಪಕ್ಕ ಇಟ್ಟು ತಾಳೆ ನೋಡಿದಳು. ನಲವತ್ತಕ್ಕೆ ನಲವತ್ತೂ ಮತ್ತೆ ಒಂದೇ. ಇಬ್ಬರೂ ಒಂದೇ ಸುಳ್ಳು ಹೇಳಿದ್ದರು, ಈಗ ಒಂದೇ ನಿಜ ಹೇಳಿದ್ದರು. ಅಕ್ಷರವೂ ಒಂದೇ, ಯಾಕೆಂದರೆ ಎರಡನ್ನೂ ತುಂಬಿದ್ದು ತಾಳೆಯಮ್ಮನೇ. ಗೋಡೆಯ ಮೇಲೆ ಅವಳದೇ ಕೈಬರಹದ ನಿಯಮ ಅವಳನ್ನೇ ನೋಡುತ್ತಿತ್ತು. ಆ ನಿಯಮದ ಪ್ರಕಾರ ಈಗ ಕೊಡೆ ಕಳ್ಳಿ ಅವಳು.

ಇಪ್ಪತ್ತೆರಡು ವರ್ಷದಲ್ಲಿ ಅವಳು ಒಂದು ಫಾರಂ ಕೂಡ ನಿಯಮ ಮೀರಿ ಹಸಿರು ಟ್ರೇಗೆ ಹಾಕಿದವಳಲ್ಲ. ಇದೊಂದನ್ನು ಹಾಕಿದರೆ ನಾಳೆ ಇನ್ನೊಂದನ್ನು ಯಾಕೆ ಹಾಕಲ್ಲ ಅಂತ ಕೇಳುವವರಿದ್ದರು. ಹಾಕದಿದ್ದರೆ ಜೋಡಿ ಒಂಬತ್ತೇ. ಇಪ್ಪತ್ತೇಳನೇ ಪ್ರಶ್ನೆಯಲ್ಲಿ ಒಂದು ಗುರುತನ್ನು ಆಗಾಗ ಅಂತ ತಿದ್ದಿದರೆ ಎಲ್ಲವೂ ಸಲೀಸು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ರಬ್ಬರು ಕೈಗೆ ತೆಗೆದುಕೊಂಡಳು ಕೂಡ. ಥೂ, ಅಂದುಕೊಂಡು ಡ್ರಾಯರಿಗೆ ಎಸೆದಳು.

ಎರಡೂ ಫಾರಮ್ಮಿನ ಕೆಳಗೆ ಬರೆದಳು: "ಬೇರೆ ಬೇರೆ ಕೇಳಿದ್ದು ನಾನು. ಉತ್ತರ ಒಂದೇ ಆಗಿರುವುದು ನಿಜ. ಹಿಂದೆ ಕೆಂಪು ಟ್ರೇಗೆ ಹಾಕಿದ್ದು ನನ್ನ ತಪ್ಪು." ಸಂಬಳದ ಪುಸ್ತಕದಲ್ಲಿದ್ದ ತನ್ನ ನಿಜವಾದ ಹೆಸರಿನ ಸಹಿ ಹಾಕಿ ಮೇಡಂಗೆ ಕೊಟ್ಟಳು.

ಮೇಡಂ ಫಾರಂ ನೋಡಿದರು, ಆಮೇಲೆ ಅವಳನ್ನು ನೋಡಿದರು. "ಇದು ನಿಮ್ಮ ನಿಯಮಕ್ಕೇ ವಿರುದ್ಧ ಅಲ್ವಾ?"

"ನಿಯಮ ನಂದೇ, ತಪ್ಪೂ ನಂದೇ. ಹತ್ತು ಅಂತ ಬರೀರಿ ಮೇಡಂ."

ಹತ್ತು ಅಂತ ವರದಿ ಹೋಯಿತು. ಬೋರ್ಡಿನಲ್ಲಿ ಅರವತ್ತರ ನಂತರ ಅರವತ್ತೊಂದು ಬಂತು. ಊರಿನಲ್ಲೇ ಅತಿ ಸುಖವಾಗಿದ್ದ ಆ ಜೋಡಿಯ ಅಂಕ ಒಂದು ಪ್ರಶ್ನೆಯಿಂದಾಗಿ ಸ್ವಲ್ಪ ಇಳಿಯಿತು. ವರದಿಯ ನಲವತ್ತನಾಲ್ಕನೇ ಪುಟದಲ್ಲಿ, ಅರವತ್ತು ದಾಟಿದ ಜೋಡಿಗಳಲ್ಲಿ ಒಬ್ಬರನ್ನೊಬ್ಬರು ಕಳೆದುಕೊಳ್ಳುವ ಭಯ ಹೆಚ್ಚು ಅಂತ ಒಂದು ಸಾಲಿತ್ತು. ಇಲಾಖೆಯಲ್ಲಿ ಅದನ್ನು ಯಾರಾದರೂ ಓದಿದರೋ ಇಲ್ಲವೋ. ಎಣಿಸುವುದನ್ನಂತೂ ಎಣಿಸಿದರು. ನಾಲ್ಕು ತಿಂಗಳಿಗೆ ನಿಯಮ ಬದಲಾಯಿತು.

ಅದಾಗಿ ಒಂದು ದಿನ ಮಧ್ಯಾಹ್ನ ಕಂಡಕ್ಟರ್ ಕಚೇರಿಗೆ ಬಂದಳು. ಕೈಯಲ್ಲಿ ಪ್ಲಾಸ್ಟಿಕ್ ಬಿಚ್ಚದ ಕೊಡೆ. ತಾಳೆಯಮ್ಮನ ಮೇಜಿನ ಮೇಲೆ ಇಟ್ಟಳು.

"ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ ಅಂತಾರೆ. ಕೊಡೆಗೆ ಹೋದ ಮಾನ ಕೊಡೆ ಕೊಟ್ರೆ ಬರತ್ತೇನೋ ನೋಡೋಣ ಅಂತ ತಂದೆ."

"ಅಯ್ಯೋ, ಅದು ನಿಮ್ಮದೇ ಅಕ್ಕ. ಇಟ್ಕೊಳ್ಳಿ."

"ಬೇಡ ತಂಗೀ. ಕೋಣೆ ಸಿಕ್ತು. ನೆಲದ ಮಟ್ಟದಲ್ಲೇ ಇದೆ, ಮೆಟ್ಲಿಲ್ಲ. ಬಾಗಿಲ ಹಿಂದೆ ಒಂದೇ ಮೊಳೆ. ಎಲ್ಲಿಗೆ ಹೋದ್ರೂ ಇಬ್ರೂ ಒಟ್ಟಿಗೇ ಹೋಗೋದು, ಒಂದೇ ಸಾಕು."

ತಾಳೆಯಮ್ಮ ಕೊಡೆಯನ್ನು ಡ್ರಾಯರಿನ ಪಕ್ಕ ಒರಗಿಸಿದಳು. ಕಂಡಕ್ಟರ್ ಹೊರಟವಳು ಬಾಗಿಲ ಹತ್ತಿರ ನಿಂತಳು.

"ಆ ಇಪ್ಪತ್ತೇಳನೇದು, ನೀವಂತೂ ಬಾಯಿ ಬಿಡಲಿಲ್ಲ. ಮೊನ್ನೆ ಹೊಸ ಕೋಣೇಲಿ ಮಂಚ ಎಲ್ಲ ಹಾಕಿ ಆದ್ಮೇಲೆ ನಾನೇ ಕೇಳಿದೆ ಅವಳನ್ನ."

ತಾಳೆಯಮ್ಮನ ಪೆನ್ನು ನಿಂತಿತು. "ಏನಂದ್ರು?"

"ಎಂದೂ ಇಲ್ಲ ಅಂದ್ಲು. ನಾನು ಹೇಳಿರ್ಲಿಲ್ವಾ, ಧೈರ್ಯಸ್ಥೆ ಅಂತ? ಅವಳೂ ತಿರುಗಿ ಕೇಳಿದ್ಲು, ನಿಂದೇನೇ ಅಂತ. ನಾನೂ ಎಂದೂ ಇಲ್ಲ ಅಂದೆ."

ಇಪ್ಪತ್ತೆರಡು ವರ್ಷ ಸುಳ್ಳು ಹಿಡಿದ ತಾಳೆಯಮ್ಮ ಪೆನ್ನಿಗೆ ಮುಚ್ಚಳ ಹಾಕಿದಳು. ಆಮೇಲೆ ಕತ್ತೆತ್ತಿ, ಮುಖದಲ್ಲಿ ಏನೂ ತೋರಿಸದೆ ಹೇಳಿದಳು:

"ತಾಳೆಯಾಯ್ತಲ್ಲ ಅಕ್ಕ, ಬಿಡಿ."